ಗೋಡೆ ಹೊಟ್ಟೆ ಬಿಟ್ಟಿದೆ, ಏನು ಮಾಡಲಿ?

ಕೊಡಗಿನ ಹಳೆ ಮನೆ, ಹಳೆ ಗೋಡೆ, ಅದರೊಳಗಿನ ಹೂದೋಟದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಕೊನೆಗೆ ‘ಸಿಮೆಂಟ್ ಹಾಕಿಬಿಡಲೇ?’ ಎಂದು ಕೇಳಿದ್ದವು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಒಕ್ಕದ (ಕುಲದ) ಐನ್‌ಮನೆಯ, ಅಂದರೆ ಮೂಲಮನೆಯ, ಹಿಂದೆ ಅರ್ಧ ಎಕರೆ ಹೂದೋಟವಿದೆ. ಸುತ್ತ ಏಳಡಿ ಎತ್ತರದ ಕಲ್ಲುಗೋಡೆ. ನಲವತ್ತು ವರ್ಷದಿಂದ ಯಾರೂ ಒಳಗೆ ಕೈಯಾಡಿಸಿಲ್ಲ. ಲಂಟಾನ, ಕಮ್ಯುನಿಸ್ಟ್ ಗಿಡ ಆಳೆತ್ತರ ಬೆಳೆದಿವೆ. ಜೆಸಿಬಿ ತರಿಸಿ ಒಂದೇ ದಿನದಲ್ಲಿ ಬಯಲು ಮಾಡೋಣ ಎನ್ನುತ್ತಾರೆ ಹುಡುಗರು. ಎಲ್ಲಿಂದ ಶುರು ಮಾಡಬೇಕು?
— ಓದುಗರು, ನಾಪೋಕ್ಲು

ಉತ್ತರ: ಜೆಸಿಬಿ ಗೇಟಿನಿಂದ ಆಚೆಗೇ ಇರಲಿ. ಆ ಪೊದೆಯ ಕೆಳಗೆ ಕಲ್ಲು ಹಾಸಿದ ದಾರಿ, ಮಡಿಗಳ ಅಂಚುಗಲ್ಲು, ನೀರು ಹೋಗುವ ಕಲ್ಲುಚರಂಡಿ ಇರುತ್ತವೆ. ಬಕೆಟ್ ಒಂದು ಸಲ ಎಳೆದರೆ ಮೂರೂ ಒಟ್ಟಿಗೆ ಎದ್ದು ಬರುತ್ತವೆ. ಆಮೇಲೆ ಯಾವ ಕಲ್ಲು ಎಲ್ಲಿತ್ತು ಎಂದು ಹೇಳುವವರಿರುವುದಿಲ್ಲ.

ಕತ್ತಿಯಲ್ಲೇ ಸವರಿಸಿ. ಮೊದಲ ಸುತ್ತಿನಲ್ಲಿ ನೆಲದಿಂದ ಒಂದಡಿ ಬಿಟ್ಟು ಕಡಿಯಬೇಕು, ಕಾಲ ಕೆಳಗೆ ಏನಿದೆ ಎಂದು ಕಾಣುವುದಕ್ಕೆ. ಲಂಟಾನವನ್ನು ಬರೀ ಸವರಿದರೆ ಮುಂದಿನ ಮಳೆಗೆ ಇಮ್ಮಡಿ ಚಿಗುರುತ್ತದೆ. ಗುದ್ದಲಿಯಿಂದ ಬುಡದ ಮಣ್ಣು ಸರಿಸಿ, ಕಾಂಡ ಬೇರಿಗೆ ಸೇರುವ ಗಂಟಿನಿಂದ ಎರಡು ಇಂಚು ಕೆಳಗೆ ಕತ್ತರಿಸಿ, ಬುಡ ಮೇಲಾಗಿ ಒಣಗಲು ಹಾಕಿ. ಗೋಡೆಗೆ ಅಂಟಿಕೊಂಡಿರುವ ಗಿಡಗಳನ್ನು ಮಾತ್ರ ಎಳೆಯಬೇಡಿ. ಎಷ್ಟೋ ಕಡೆ ಗಾರೆ ಎಂದೋ ಉದುರಿ ಹೋಗಿ, ಕಲ್ಲನ್ನು ಆ ಬೇರುಗಳೇ ಹಿಡಿದುಕೊಂಡಿರುತ್ತವೆ.

ದಾರಿ ಹುಡುಕಲು ನಾಲ್ಕಡಿ ಉದ್ದದ ಚೂಪು ಕಬ್ಬಿಣದ ಸರಳು ಸಾಕು. ದಾರ ಕಟ್ಟಿ, ಅಡಿಗೊಂದರಂತೆ ಚುಚ್ಚುತ್ತ ಹೋಗಿ. ಅರ್ಧ ಅಡಿಯಲ್ಲಿ ‘ಟಣ್’ ಎಂದರೆ ಕಲ್ಲು. ಅದೇ ಆಳದಲ್ಲಿ ಸಾಲಾಗಿ ನಾಲ್ಕೈದು ಕಡೆ ಸಿಕ್ಕಿದರೆ ದಾರಿ. ಇನ್ನೊಂದು ಗುರುತು ಫೆಬ್ರವರಿ ಬಿಸಿಲಿನಲ್ಲಿ ತಾನಾಗಿಯೇ ಕಾಣುತ್ತದೆ: ಹೂತುಹೋದ ಕಲ್ಲಿನ ಮೇಲಿನ ಹುಲ್ಲು ಉಳಿದದ್ದಕ್ಕಿಂತ ಮೊದಲೇ ಹಳದಿಯಾಗುತ್ತದೆ. ಬೆಳಗ್ಗೆ ಛಾವಣಿ ಹತ್ತಿ ನೋಡಿದರೆ ಇಡೀ ತೋಟದ ನಕ್ಷೆ ಕಾಣಬಹುದು. ಫೋಟೊ ತೆಗೆದಿಡಿ.

ಎಲ್ಲಕ್ಕಿಂತ ಮೊದಲು ಹುಡುಕಬೇಕಾದದ್ದು ನೀರಿನ ಬಾಯಿ. ಇಳಿಜಾರಿನಲ್ಲಿರುವ ಗೋಡೆಯ ತಗ್ಗಿನ ಮೂಲೆಯಲ್ಲಿ, ಬುಡದಲ್ಲಿ ಕಲ್ಲು ಕಟ್ಟಿದ ತೂಬು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎಲೆಗೊಬ್ಬರದಡಿ ಒಂದೂವರೆ ಅಡಿ ಹೂತಿರುತ್ತದೆ ಅಷ್ಟೆ. ಅದನ್ನು ತೆರೆದ ಮೇಲೆ ಕಕ್ಕಡದ (ಜುಲೈ–ಆಗಸ್ಟಿನ) ಮಳೆಯಲ್ಲಿ ಕೊಡೆ ಹಿಡಿದು ಒಂದು ತಾಸು ಒಳಗೆ ಓಡಾಡಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಗೋಡೆಯನ್ನು ನೆಕ್ಕಿಕೊಂಡು ಹೋಗುತ್ತದೆ ಎಂದು ಕಾಗದದ ಮೇಲೆ ಗುರುತು ಮಾಡಿ. ಆ ಕಾಗದವಿಲ್ಲದೆ ಒಂದು ಕಲ್ಲನ್ನೂ ಕದಲಿಸಬೇಡಿ.

ಕೆಲಸದ ಸರದಿ ಹೀಗಿರಲಿ: ಮೊದಲು ಚರಂಡಿ, ಆಮೇಲೆ ಛಾವಣಿ, ಗೋಡೆ, ದಾರಿ, ಕಡೆಗೆ ಗಿಡ. ಪುತ್ತರಿ (ನವೆಂಬರ್–ಡಿಸೆಂಬರಿನ ಸುಗ್ಗಿ ಹಬ್ಬ) ಕಳೆದ ಮೇಲಿಂದ ಮಾರ್ಚ್ ಕೊನೆಯವರೆಗೆ ಸುಣ್ಣದ ಕೆಲಸಕ್ಕೆ ಒಳ್ಳೆ ಕಾಲ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಗೆ ಮಳೆ) ಬಿದ್ದರೆ ಹಸಿ ಗಾರೆ ಕೊಚ್ಚಿಹೋಗುತ್ತದೆ. ತೊಂದರೆಯೇನೆಂದರೆ ಕಾಫಿ ಕೊಯ್ಲೂ ಅದೇ ತಿಂಗಳಲ್ಲಿ, ಆಳು ಸಿಗುವುದಿಲ್ಲ. ಗಾರೆಯವರಿಗೆ ಅಕ್ಟೋಬರಿನಲ್ಲೇ, ಕಾವೇರಿ ಸಂಕ್ರಮಣದ ಹೊತ್ತಿಗೆ ಮುಂಗಡ ಕೊಟ್ಟು ದಿನ ಗೊತ್ತು ಮಾಡಿಕೊಳ್ಳಿ.

ಮೊದಲ ವರ್ಷ ಹೊಸ ಗಿಡ ನೆಡಬೇಡಿ. ಬೆಳಕು ಬಿದ್ದ ಕೂಡಲೇ ಮಣ್ಣಿನಲ್ಲಿ ಮಲಗಿದ್ದ ಗೆಡ್ಡೆಗಳು ಏಳುತ್ತವೆ. ಹೂಮಳೆಯ ಮಾರನೆ ವಾರ ಮಳೆಲಿಲ್ಲಿಯ ಸಾಲು ಎದ್ದರೆ ಹಳೆಯ ಮಡಿಯ ಅಂಚು ಅದೇ.

ಪ್ರಶ್ನೆ: ಇಂಥದೇ ಗೋಡೆ ನಮ್ಮದೂ. ಮೇಲಿನ ಪಕ್ಕದಲ್ಲಿ ಸುಮಾರು ಹನ್ನೆರಡು ಅಡಿ ಉದ್ದಕ್ಕೆ ಹೊಟ್ಟೆ ಬಿಟ್ಟಿದೆ. ಮೇಸ್ತ್ರಿಯವರು ಸಂದುಗಳಿಗೆ ಸಿಮೆಂಟ್ ತುಂಬಿ, ಹೊರಗಿನಿಂದ ಕಾಂಕ್ರೀಟ್ ಆನಿಕೆ ಕೊಡೋಣ ಎನ್ನುತ್ತಾರೆ.
— ಓದುಗರು, ಮಾದಾಪುರ

ಉತ್ತರ: ಹೊಟ್ಟೆ ಬರುವುದು ಗೋಡೆ ಸೊರಗಿದ್ದಕ್ಕಲ್ಲ, ಹಿಂದೆ ನೀರು ತುಂಬಿದ್ದಕ್ಕೆ. ಸಂದಿಗೆ ಸಿಮೆಂಟ್ ತುಂಬಿದರೆ ಇಷ್ಟು ದಿನ ಜಿನುಗಿ ಹೋಗುತ್ತಿದ್ದ ನೀರಿಗೂ ಬಾಗಿಲು ಹಾಕಿದಂತೆ. ಆನಿಕೆಯ ಎರಡೂ ಪಕ್ಕದಲ್ಲಿ ಹೊಸ ಹೊಟ್ಟೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ಮೊದಲು ತೂಗುಗುಂಡು ಇಳಿಬಿಟ್ಟು ಅಳೆಯಿರಿ. ಗೋಡೆಯ ದಪ್ಪದ ಆರನೇ ಒಂದು ಪಾಲಿಗಿಂತ ಹೆಚ್ಚು ಹೊರಬಂದಿದ್ದರೆ, ಅಂದರೆ ಎರಡಡಿ ಗೋಡೆಗೆ ನಾಲ್ಕು ಇಂಚು, ಬಿಚ್ಚಿ ಕಟ್ಟುವುದೇ ದಾರಿ. ಅದಕ್ಕಿಂತ ಕಡಿಮೆಯಿದ್ದರೆ ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿ ಅಂಟಿಸಿ, ದಿನಾಂಕ ಬರೆದು ಒಂದು ಮಳೆಗಾಲ ಬಿಡಿ. ಗಾಜು ಒಡೆದರೆ ಗೋಡೆ ಇನ್ನೂ ನಡೆಯುತ್ತಿದೆ ಎಂದರ್ಥ.

ಮೇಲ್ಬದಿಯ ಮಣ್ಣನ್ನೂ ನೋಡಿ. ವರ್ಷವರ್ಷವೂ ಗುಡ್ಡದಿಂದ ಕೊಚ್ಚಿ ಬಂದು ಗೋಡೆಗೆ ಒರಗಿ ಒಂದೆರಡು ಅಡಿ ಏರಿರುತ್ತದೆ. ಅಷ್ಟು ಭಾರ ಹೊರಲೆಂದು ಕಟ್ಟಿದ ಗೋಡೆಯಲ್ಲ ಅದು. ಬಿಚ್ಚುವ ಮೊದಲು ಆ ಮಣ್ಣು ತೆಗೆಸಿ, ಗೋಡೆಯಿಂದ ಆರಡಿ ಆಚೆ ನೀರು ತಿರುಗಿಸುವ ಒಂದು ಕಾಲುವೆ ಕಡಿಸಿ.

ಬಿಚ್ಚುವಾಗ ಹೊಟ್ಟೆಯ ಎರಡೂ ಪಕ್ಕ ಮೂರಡಿ ಹೆಚ್ಚಿಗೆ, ಮೆಟ್ಟಿಲು ಮೆಟ್ಟಿಲಾಗಿ ಬಿಚ್ಚಬೇಕು. ಮುಖದ ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ಸಾಲು, ಸಂಖ್ಯೆ ಬರೆದು, ಅದೇ ಕ್ರಮದಲ್ಲಿ ನೆಲದ ಮೇಲೆ ಹರಡಿ. ಕಟ್ಟುವಾಗ ನಡೆಯುವ ತಪ್ಪು ಒಂದೇ: ಚಂದ ಕಾಣಲೆಂದು ಕಲ್ಲಿನ ಉದ್ದ ಮೈಯನ್ನು ಹೊರಮುಖಕ್ಕೆ ಇಡುವುದು. ಉದ್ದ ಮೈ ಗೋಡೆಯೊಳಕ್ಕೆ ಹೋಗಬೇಕು, ಗಿಡ್ಡ ಮುಖ ಹೊರಗೆ ಕಾಣಬೇಕು. ಚದರ ಮೀಟರಿಗೆ ಒಂದಾದರೂ ಅಡ್ಡಗಲ್ಲು ಎರಡೂ ಮುಖ ಮುಟ್ಟುವಂತಿರಲಿ. ಅದಿಲ್ಲದಿದ್ದರೆ ಗೋಡೆ ಎರಡು ಸಿಪ್ಪೆಯಾಗಿ ಬೇರೆ ಬೇರೆ ನಿಲ್ಲುತ್ತದೆ. ಮಧ್ಯದ ಪೊಳ್ಳಿಗೆ ಚಕ್ಕೆಕಲ್ಲನ್ನು ಒಂದೊಂದಾಗಿ ಬಿಗಿದು ಕೂರಿಸಬೇಕು. ಬುಟ್ಟಿಯಿಂದ ಮಣ್ಣು ಸುರಿದು ಮುಚ್ಚಿದರೆ ಅದು ಮಳೆಗಾಲದಲ್ಲಿ ಕರಗಿ ಕೆಳಗಿಳಿಯುತ್ತದೆ. ದಿನಕ್ಕೆ ಎರಡಡಿಗಿಂತ ಎತ್ತರ ಏರಿಸಬಾರದು.

ಬುಡದಿಂದ ಒಂದಡಿ ಮೇಲೆ, ಐದಾರು ಅಡಿಗೊಂದರಂತೆ ಮೂರು ಇಂಚಿನ ನೀರುಕಿಂಡಿ ಬಿಡಿ, ಹೊರಕ್ಕೆ ವಾಟ ಕೊಟ್ಟು. ಪೈಪ್ ಇಟ್ಟು ಹಿಂದೆ ಮಣ್ಣು ಮುಚ್ಚಿದರೆ ಒಂದೇ ಮಳೆಗೆ ಬಾಯಿ ಕಟ್ಟುತ್ತದೆ. ಗೋಡೆಯ ಹಿಂದೆ ಒಂದಡಿ ಅಗಲಕ್ಕೆ ಬುಡದಿಂದ ಮೇಲಿನವರೆಗೆ 40 ಎಂಎಂ ಜಲ್ಲಿ ತುಂಬಿ, ಆಮೇಲೆ ಮಣ್ಣು. ಗೋಡೆಯ ನೆತ್ತಿಗೆ ಕಾಂಕ್ರೀಟ್ ಪಟ್ಟಿ ಬೇಡ. ಅದು ಬಿಸಿಲಿಗೆ ಹಿಗ್ಗಿ ಕೆಳಗಿನ ಸಾಲನ್ನು ಸಡಿಲಿಸುತ್ತದೆ. ಚಪ್ಪಡಿ ಅಥವಾ ಎರಡು ಸಾಲು ಹೆಂಚು, ಎರಡು ಇಂಚು ಹೊರಚಾಚಿ ಇಟ್ಟರೆ ನೀರು ಗೋಡೆಯ ಮೈ ಮುಟ್ಟದೆ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಗೋಡೆಯ ಹೊರಗೆ ಹಳೆ ಕಡಂಗ (ಕಂದಕ) ಇದೆ. ಹಸು ಬೀಳುತ್ತದೆಂದು ಮುಚ್ಚಬಹುದೇ?
— ಓದುಗರು, ಅಮ್ಮತ್ತಿ

ಉತ್ತರ: ಬೇಡ. ಕಡಂಗ ತೋಡಿದ್ದು ಕಾವಲಿಗೆ, ನಿಜ. ಆದರೆ ಈಗ ಅದು ನಿಮ್ಮ ಗೋಡೆಯ ಪಾಯದ ನೀರನ್ನು ಎಳೆದುಕೊಳ್ಳುತ್ತಿದೆ. ಹಸುವಿಗೆ ಬೇಲಿ ಹಾಕಿ.

ಪ್ರಶ್ನೆ: ಬಂಗಲೆಯ ಹೂದೋಟದ ಗೋಡೆಯಲ್ಲಿ ಅರಳಿ ಸಸಿಯೊಂದು ತೋಳಿನಷ್ಟು ದಪ್ಪ ಬೆಳೆದಿದೆ. ಕಡಿದು ಬುಡಕ್ಕೆ ಕಲ್ಲುಪ್ಪು, ಆಸಿಡ್ ಸುರಿಯಲು ಹೇಳುತ್ತಾರೆ.
— ಓದುಗರು, ಸುಂಟಿಕೊಪ್ಪ

ಉತ್ತರ: ಅರಳಿಗಿಂತ ಆ ಔಷಧವೇ ಗೋಡೆಗೆ ಹೆಚ್ಚು ಕೆಡುಕು. ಆಸಿಡ್ ಸುಣ್ಣವನ್ನು ಕರಗಿಸುತ್ತದೆ. ಉಪ್ಪು ಗೋಡೆಯೊಳಗೆ ಸೇರಿ, ಪ್ರತಿ ಬೇಸಗೆಯಲ್ಲೂ ಹರಳುಗಟ್ಟಿ ಗಾರೆಯನ್ನು ಪುಡಿ ಉದುರಿಸುತ್ತದೆ. ಅದನ್ನು ಮತ್ತೆ ಹೊರತೆಗೆಯುವುದು ಆಗದ ಮಾತು.

ಗೋಡೆಯ ಮುಖಕ್ಕೆ ಸಮನಾಗಿ ಗರಗಸದಲ್ಲಿ ಕೊಯ್ಯಿರಿ, ಎಳೆಯಬೇಡಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಬಂದ ಚಿಗುರನ್ನೆಲ್ಲ ಉಗುರಿನಷ್ಟಿರುವಾಗಲೇ ಚಿವುಟಬೇಕು. ಎಲೆಯಿಲ್ಲದೆ ಬೇರು ಹಸಿದು ಸಾಯಲು ಎರಡು ಮಳೆಗಾಲ ಬೇಕಾಗಬಹುದು. ನಡುವೆ ಒಂದು ತಿಂಗಳು ಮರೆತರೆ ಮತ್ತೆ ಮೊದಲಿನಿಂದ. ಸತ್ತ ಬೇರು ಒಳಗೇ ಕೊಳೆತು ಪೊಳ್ಳು ಬಿಡುತ್ತದೆ. ಆ ಪೊಳ್ಳಿಗೆ ಬೇಸಗೆಯಲ್ಲಿ ತೆಳುವಾದ ಸುಣ್ಣ–ಸುರ್ಕಿಯ (ಇಟ್ಟಿಗೆ ಪುಡಿಯ) ರಾಡಿಯನ್ನು ಕೊಳವೆಯಿಂದ ಕೆಳಗಿನಿಂದ ಮೇಲಕ್ಕೆ ತುಂಬಿಸಿ. ಬೇರು ಸಣ್ಣದಿದ್ದರೆ ಇಷ್ಟೆಲ್ಲ ಬೇಡ, ನಾಲ್ಕು ಕಲ್ಲು ಬಿಚ್ಚಿ ಬೇರು ಸಮೇತ ತೆಗೆದು ಮತ್ತೆ ಕೂರಿಸಿ.

ಪ್ರಶ್ನೆ: ಹಳೆ ಮಣ್ಣಿನ ಗೋಡೆಯ ಹೊರಮನೆಗೆ ಹತ್ತು ವರ್ಷದ ಹಿಂದೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಈಗ ಹಾಳೆ ಹಾಳೆಯಾಗಿ ಬೀಳುತ್ತಿದೆ. ಸುಣ್ಣದ ಗಾರೆಗೆ ಹೋಗಬೇಕೆಂದಿದ್ದೇವೆ. ಸುಣ್ಣ ಅರಳಿಸುವುದು, ಪ್ರಮಾಣ, ಎಲ್ಲ ವಿವರವಾಗಿ ತಿಳಿಸಿ. ಹೋದ ವರ್ಷ ಒಂದು ಗೋಡೆಗೆ ಸುಣ್ಣದ ಗಾರೆ ಹಾಕಿಸಿದ್ದು ಕೈಗೆ ಹಿಟ್ಟಿನ ಹಾಗೆ ಬರುತ್ತಿದೆ.
— ಓದುಗರು, ಪೊನ್ನಂಪೇಟೆ

ಉತ್ತರ: ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಕುಡಿದು ಬೇಸಗೆಯಲ್ಲಿ ಬಿಡುತ್ತದೆ. ಮೇಲೆ ಸಿಮೆಂಟಿನ ಸಿಪ್ಪೆ ಇದ್ದರೆ ಕೂದಲೆಳೆಯ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಒಳಗೆ ಮಣ್ಣು ಅಂಬಲಿಯಾಗುತ್ತದೆ. ಬೆರಳಿನ ಗಂಟಿನಿಂದ ತಟ್ಟಿ ನೋಡಿ: ‘ಡೊಬ್’ ಎಂದ ಕಡೆ ಸಿಪ್ಪೆ ಗೋಡೆ ಬಿಟ್ಟಿದೆ. ಡಿಸೆಂಬರಿನಲ್ಲಿ ಉಳಿ, ಸಣ್ಣ ಸುತ್ತಿಗೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ. ಬ್ರೇಕರ್ ಮೆಷಿನ್ ಹಿಡಿದರೆ ಗೋಡೆಯೂ ಬರುತ್ತದೆ. ಬಿಡಿಸಿದ ಮೇಲೆ ಎರಡು ತಿಂಗಳಾದರೂ ಗಾಳಿಗೆ ಒಣಗಲಿ.

ಈಗ ಸುಣ್ಣ. ಬೆಂದ ಸುಣ್ಣದ ಕಲ್ಲು ಅಥವಾ ಕರಾವಳಿ ಕಡೆಯ ಚಿಪ್ಪುಸುಣ್ಣ, ಎರಡೂ ಆಗುತ್ತದೆ. ಗೂಡಿನಿಂದ ಬಂದು ಹೆಚ್ಚು ದಿನವಾಗಿರಬಾರದು. ಗಾಳಿಗೆ ಬಿದ್ದ ಸುಣ್ಣ ತಾನಾಗಿ ಪುಡಿಯಾಗಿ ಸತ್ತಿರುತ್ತದೆ, ಅದರಿಂದ ಕಟ್ಟಿದ ಗಾರೆಗೆ ಹಿಡಿತವೇ ಇರುವುದಿಲ್ಲ. ಗುಂಡಿಯಲ್ಲಿ ಮೊದಲು ನೀರು ತುಂಬಿ, ಆಮೇಲೆ ಸುಣ್ಣ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಕಣ್ಣಿಗೆ ಸಿಡಿಯುತ್ತದೆ. ಒಂದು ಅಳತೆ ಸುಣ್ಣಕ್ಕೆ ಮೂರು ಅಳತೆ ನೀರು. ಕನ್ನಡಕ, ಗ್ಲೌಸ್ ಇಲ್ಲದೆ ಯಾರೂ ಹತ್ತಿರ ನಿಲ್ಲಬಾರದು. ಕುದಿ ನಿಂತ ಮೇಲೆ 2–3 ಎಂಎಂ ಜರಡಿಯಲ್ಲಿ ಸೋಸಿ ಇನ್ನೊಂದು ಗುಂಡಿಗೆ ಇಳಿಸಿ. ಮೇಲೆ ನಾಲ್ಕು ಬೆರಳು ನೀರು ಯಾವಾಗಲೂ ನಿಂತಿರಲಿ. ಕಲ್ಲು ಕಟ್ಟುವ ಗಾರೆಗೆ ಹದಿನೈದು ದಿನ, ಕೊನೆಯ ನಯಗಾರೆಗೆ ಎರಡು ಮೂರು ತಿಂಗಳು ಕೊಳೆಯಬೇಕು. ಹದವಾದ ಸುಣ್ಣ ಬೆಣ್ಣೆಯ ಹಾಗೆ ಕರಣೆಗೆ ಅಂಟಿಕೊಳ್ಳುತ್ತದೆ, ಕಾಳು ಸಿಗಬಾರದು. ಒಂದೇ ಒಂದು ಅರಳದ ಕಾಳು ಉಳಿದರೂ ವರ್ಷದ ನಂತರ ಅರಳಿ, ಗೋಡೆಯಿಂದ ಬಟ್ಟಲಿನಷ್ಟು ಚಕ್ಕೆ ಎಬ್ಬಿಸುತ್ತದೆ.

ಕಲ್ಲುಗೋಡೆಗೆ: ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಮರಳು. ಸುರ್ಕಿಯನ್ನು ಹಳೆಯ, ಹದವಾಗಿ ಬೆಂದ ಇಟ್ಟಿಗೆಯಿಂದಲೇ ಮಾಡಿಸಿ. ಸುಟ್ಟು ಕಪ್ಪಾದ ಇಟ್ಟಿಗೆಯ ಪುಡಿ ಬರೀ ಮರಳಿನ ಹಾಗೆ, ಹಿಡಿಯುವುದಿಲ್ಲ. ಮಳೆ ಹೊಡೆಯುವ ನಮ್ಮ ಕಡೆ ಸುರ್ಕಿ ಬಿಡಬಾರದು, ಒದ್ದೆಯಲ್ಲೂ ಗಟ್ಟಿಯಾಗುವ ಗುಣ ಬರುವುದು ಅದರಿಂದಲೇ. ಮರಳನ್ನು ಬಾಟಲಿಯಲ್ಲಿ ನೀರಿನೊಂದಿಗೆ ಕುಲುಕಿ ಒಂದು ತಾಸು ಬಿಡಿ. ಮೇಲೆ ನಿಂತ ಕೆಸರು ಹತ್ತರಲ್ಲೊಂದು ಪಾಲು ಮೀರಿದರೆ ತೊಳೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ಪದ್ಧತಿ ಒಳ್ಳೆಯದೇ, ಆದರೆ ಮಿತಿಯಲ್ಲಿ. ಬೆಲ್ಲ ಜಾಸ್ತಿಯಾದರೆ ಗಾರೆ ಕೂರುವುದು ತಡವಾಗುತ್ತದೆ, ಇರುವೆಯೂ ಬರುತ್ತದೆ.

ನಿಮ್ಮದು ಮಣ್ಣಿನ ಗೋಡೆ, ಅದಕ್ಕೆ ನೇರವಾಗಿ ಸುಣ್ಣದ ಗಾರೆ ಕೂರುವುದಿಲ್ಲ. ಹತ್ತು ಬುಟ್ಟಿ ಜರಡಿ ಹಿಡಿದ ಮಣ್ಣಿಗೆ ಒಂದು ಬುಟ್ಟಿ ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ, ಒಂದು ವಾರ ಕೊಳೆಸಿ ತುಳಿದು, ಮೊದಲ ಪದರ ಕೊಡಿ. ಅದು ಪೂರ್ತಿ ಒಣಗಿ ಸೀಳಿದ ಮೇಲೆ ಸೀಳುಗಳೇ ಸುಣ್ಣಕ್ಕೆ ಹಿಡಿತ. ಅದರ ಮೇಲೆ ಸುಣ್ಣದ ಗಾರೆ ಅರ್ಧ ಇಂಚು, ಹತ್ತು ದಿನ ಬಿಟ್ಟು ಕಾಲು ಇಂಚು, ಕೊನೆಗೆ ನಯಗಾರೆ.

ಹಿಟ್ಟಿನ ಹಾಗೆ ಬರಲು ಕಾರಣ, ಗಾರೆ ಬರೀ ಒಣಗಿದೆ, ಗಟ್ಟಿಯಾಗಿಲ್ಲ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗಬೇಕು; ಅದಕ್ಕೆ ತೇವ ಬೇಕು. ಜನವರಿಯ ಒಣಗಾಳಿಗೆ ಮೂರೇ ದಿನದಲ್ಲಿ ನೀರು ಆರಿಹೋದರೆ ಆ ಕೆಲಸ ಅರ್ಧದಲ್ಲೇ ನಿಲ್ಲುತ್ತದೆ. ಗೋಣಿತಾಟು ತೂಗುಬಿಟ್ಟು ಎರಡು ವಾರ ದಿನಕ್ಕೆ ಮೂರು ಸಲ ನೀರು ಚಿಮುಕಿಸಬೇಕು. ಪರೀಕ್ಷೆ ಬೇಕಿದ್ದರೆ ಶಾಲೆಯ ಪ್ರಯೋಗಾಲಯದ ಫಿನಾಫ್ತಲೀನ್ ಒಂದು ಹನಿ ಗೋಡೆ ಗೀಚಿ ಬಿಡಿ: ಕಡುಗುಲಾಬಿಯಾದರೆ ಸುಣ್ಣ ಇನ್ನೂ ಹಸಿಯೇ.

ಪ್ರಶ್ನೆ: ಗೋಡೆಯ ಬುಡದ ಹೈಡ್ರೇಂಜಿಯ ಅಜ್ಜಿಯ ಕಾಲದಿಂದ ನೀಲಿ ಹೂ ಬಿಡುತ್ತಿತ್ತು. ಗೋಡೆಗೆ ಸುಣ್ಣದ ಗಾರೆ ಮಾಡಿಸಿದ ಮೇಲೆ ಗುಲಾಬಿಯಾಗಿದೆ. ಪಕ್ಕದ ಕ್ಯಾಮೆಲಿಯದ ಎಲೆಯೂ ಹಳದಿ. ರೋಗವೇ?
— ಓದುಗರು, ಮಡಿಕೇರಿ

ಉತ್ತರ: ರೋಗವಲ್ಲ, ಸುಣ್ಣ ಮಾತಾಡುತ್ತಿದೆ. ನಮ್ಮ ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಗುತ್ತದೆ, ಹೂ ನೀಲಿಯಾಗುತ್ತದೆ. ಮಣ್ಣಿನ ರಸಸಾರ (pH) 5.5ರ ಕೆಳಗಿದ್ದರೆ ನೀಲಿ, 6.5 ದಾಟಿದರೆ ಗುಲಾಬಿ. ನಡುವೆ ಒಂದೇ ಗಿಡದಲ್ಲಿ ಎರಡೂ ಬಣ್ಣ ಕಾಣಬಹುದು. ಹೊಸ ಗಾರೆಯಿಂದ ತೊಳೆದಿಳಿದ ಸುಣ್ಣ ಬುಡದ ಒಂದೆರಡು ಅಡಿಯ ಮಣ್ಣನ್ನು ಬದಲಿಸಿದೆ. ಕ್ಯಾಮೆಲಿಯದ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾಗಿದ್ದರೆ ಅದೇ ಕಾರಣ, ಕಬ್ಬಿಣ ಸಿಗುತ್ತಿಲ್ಲ.

ಕೆಲಸ ಮಾಡುವಾಗ ಬುಡಕ್ಕೆ ತಾರ್ಪಾಲು ಹಾಸದೆ ಉದುರಿದ ಗಾರೆಯನ್ನು ಅಲ್ಲೇ ಬಿಟ್ಟಿರಬೇಕು. ಮೇಲಿನ ಮೂರು ಇಂಚು ಮಣ್ಣು ಕೆರೆದು ಹೊರಗೆ ಹಾಕಿ. ಹತ್ತು ಲೀಟರ್ ನೀರಿಗೆ 30 ಗ್ರಾಂ ಪಟಿಕ ಕರಗಿಸಿ, ಒದ್ದೆ ಮಣ್ಣಿಗೆ ಮೂರು ವಾರಕ್ಕೊಮ್ಮೆ ಕೊಟ್ಟರೆ ನಿಧಾನವಾಗಿ ನೀಲಿ ಮರಳುತ್ತದೆ. ಹೆಚ್ಚು ಕೊಟ್ಟರೆ ಬೇರು ಸುಡುತ್ತದೆ. ಇದಕ್ಕಿಂತ ಜೂನ್ ಮಳೆಗೆ ಎರಡೂ ಗಿಡಗಳನ್ನು ಗೋಡೆಯಿಂದ ನಾಲ್ಕಡಿ ಸರಿಸಿ ನೆಡುವುದು ಮೇಲು. ಗೋಡೆಯ ಬುಡಕ್ಕೆ ದಿನಾ ನೀರು ಹಾಕುವುದು ಗೋಡೆಗೂ ಒಳ್ಳೆಯದಲ್ಲ.

ಪ್ರಶ್ನೆ: ಇನ್ನೂರು ವರ್ಷದ ಮನೆ ಎನ್ನುತ್ತಾರೆ. ಹೆಂಚು ಸೋರುತ್ತಿದೆ, ಕೈಯಾಲೆಯ (ಮುಂಜಗಲಿಯ) ಎರಡು ಕಂಬಗಳ ಬುಡ ಕೊಳೆತಿದೆ. ಹಳೆ ಹೆಂಚು ಉಳಿಸಬಹುದೇ? ಕಂಬ ಹೊಸದು ಹಾಕಿಸಬೇಕೇ?
— ಓದುಗರು, ಕಕ್ಕಬ್ಬೆ

ಉತ್ತರ: ಮನೆಗೆ ಇನ್ನೂರಾದರೂ ಹೆಂಚಿಗೆ ಅಷ್ಟಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮೊದಲು ಹುಲ್ಲಿನ ಛಾವಣಿ ಇದ್ದಿರಬೇಕು. ಹೆಂಚನ್ನು ಮಗುಚಿ ಹಿಂದಿರುವ ಮುದ್ರೆ ನೋಡಿ. ಕಾರ್ಖಾನೆಯಿಂದ ಕಾರ್ಖಾನೆಗೆ ಗಾಡಿಯ (ಹೆಂಚು ಒಂದಕ್ಕೊಂದು ಕೂರುವ ಗೀರಿನ) ಅಳತೆ ಕೂದಲೆಳೆಯಷ್ಟು ಬೇರೆ; ಬೆರೆಸಿ ಹೊದೆಸಿದ ಛಾವಣಿ ಸೋರುವುದು ಹೆಚ್ಚಾಗಿ ಇದರಿಂದಲೇ. ಒಂದೇ ಮುದ್ರೆಯವು ಒಂದೇ ಮೈಗೆ ಬರಲಿ. ಗಂಟಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರುವ ಹೆಂಚು ಗಟ್ಟಿ, ಮಂಕು ಸದ್ದಿನದು ಬಿರುಕು. ಚದರ ಮೀಟರಿಗೆ ಸುಮಾರು ಹದಿನೈದು ಬೇಕು, ಹತ್ತಕ್ಕೊಂದು ಹೆಚ್ಚಿಗೆ ಇಟ್ಟುಕೊಳ್ಳಿ. ರೀಪು ಹೊಡೆಯುವ ಮೊದಲು ನೆಲದ ಮೇಲೆ ನಿಮ್ಮ ಹೆಂಚನ್ನೇ ಹತ್ತು ಸಾಲು ಜೋಡಿಸಿ ಅಂತರ ಅಳೆಯಿರಿ, ಪುಸ್ತಕದ ಲೆಕ್ಕ ನಂಬಬೇಡಿ.

ಕಂಬ ಪೂರ್ತಿ ಬದಲಿಸಬೇಕಿಲ್ಲ. ತೊಲೆಗೆ ಜಾಕ್ ಕೊಟ್ಟು ಭಾರ ಇಳಿಸಿ. ಜಾಕನ್ನು ಒಂದೇ ದಿನ ಏರಿಸದೆ ದಿನಕ್ಕೆ ನೂಲಿನಷ್ಟು ಏರಿಸಿ, ಇಲ್ಲದಿದ್ದರೆ ಮೇಲಿನ ಗೋಡೆ ಸೀಳುತ್ತದೆ. ಚಾಕು ಚುಚ್ಚಿ ಗಟ್ಟಿ ಮರ ಸಿಕ್ಕುವ ಕಡೆಯಿಂದ ನಾಲ್ಕು ಇಂಚು ಮೇಲೆ ಕತ್ತರಿಸಿ, ಅದೇ ಜಾತಿಯ ಒಣಗಿದ ಮರದ ತುಂಡನ್ನು ಓರೆ ಜೋಡಣೆಯಲ್ಲಿ ಸೇರಿಸಬೇಕು. ಓರೆಯ ಉದ್ದ ಕಂಬದ ದಪ್ಪದ ಮೂರು ಪಟ್ಟು. ಬಿಗಿಯಲು ಮರದ ಗೂಟ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಮರವನ್ನು ಕಪ್ಪಾಗಿಸಿ ಸಡಿಲಿಸುತ್ತದೆ. ಕೆಳಗೆ ಆರು ಇಂಚಿನ ಕಲ್ಲು ಕೊಡಿ. ಬುಡ ಕೊಳೆತದ್ದು ಎರಚಲಿನಿಂದಲೋ, ಕೈಯಾಲೆಗೆ ಹೊಸ ಟೈಲ್ಸ್ ಹಾಕಿ ನೆಲ ಏರಿಸಿ ಕಂಬದ ಬುಡ ಮುಚ್ಚಿದ್ದರಿಂದಲೋ ನೋಡಿ. ಎರಡನೆಯದಾದರೆ ಕಂಬದ ಸುತ್ತ ಎರಡು ಇಂಚು ಟೈಲ್ಸ್ ಒಡೆಸಿ ತೆಗೆಯದೆ ಕಂಬ ರಿಪೇರಿ ಮಾಡಿಸಿ ಫಲವಿಲ್ಲ. ಪಕಾಸು, ರೀಪಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದರೆ ಗೆದ್ದಲು ದೂರ. ಬಳಿಯುವವರ ಕೈ ಸುಡುತ್ತದೆ, ಗ್ಲೌಸ್ ಬೇಕೇ ಬೇಕು. ಬದಲಿಸಲು ತೋಟದ ಬೀಟೆಯನ್ನೋ ತೇಗವನ್ನೋ ಕಡಿಯುವ ಯೋಚನೆಯಿದ್ದರೆ ಮೊದಲು ಅರಣ್ಯ ಇಲಾಖೆಯ ಅನುಮತಿ.

ಪ್ರಶ್ನೆ: ಗೋಡೆಯೊಳಗೆ ಹಳೆ ಕಿತ್ತಳೆ ಮರ ಆರು ಉಳಿದಿವೆ. ಎಲೆ ಹಳದಿ ಮಚ್ಚೆ, ಕಾಯಿ ಸಣ್ಣ. ಉಳಿಯುತ್ತವೆಯೇ?
— ಓದುಗರು, ಚೆಟ್ಟಳ್ಳಿ

ಉತ್ತರ: ಎಲೆಯನ್ನು ನಡುನರದ ಮೇಲೆ ಮಡಚಿ ನೋಡಿ. ಹಳದಿ ಎರಡೂ ಪಕ್ಕ ಒಂದೇ ತರಹ ಇದ್ದರೆ ಸತುವಿನ ಕೊರತೆ, ಸಿಂಪಡಣೆಯಿಂದ ಸರಿಹೋಗುತ್ತದೆ. ಒಂದು ಪಕ್ಕ ಒಂದು ತರಹ, ಇನ್ನೊಂದು ಪಕ್ಕ ಇನ್ನೊಂದು ತರಹ ಮಚ್ಚೆಯಿದ್ದರೆ ಗ್ರೀನಿಂಗ್ ರೋಗ. ಸಿಲ್ಲಾ ಎಂಬ ಸಣ್ಣ ಹೇನು ಹರಡುವ ಇದಕ್ಕೆ ಔಷಧವಿಲ್ಲ. ಅಂಥ ಮರ ಅಜ್ಜನದಾದರೂ ತೆಗೆಯಬೇಕು, ಇಲ್ಲದಿದ್ದರೆ ಹೊಸ ಸಸಿಗೂ ಅಂಟುತ್ತದೆ. ಖಚಿತವಾಗಬೇಕಿದ್ದರೆ ನಿಮ್ಮೂರಿನ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೆ ಎಲೆ ಕೊಂಡೊಯ್ಯಿರಿ. ಉಳಿಯುವ ಮರಗಳ ಬುಡಕ್ಕೆ ಏರಿದ ಮಣ್ಣು ಸರಿಸಿ, ಕಾಂಡಕ್ಕೆ ಮೂರಡಿಯವರೆಗೆ ಬೋರ್ಡೋ ಮುಲಾಮು ಬಳಿಯಿರಿ: ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ಹತ್ತು ಲೀಟರ್. ಮಳೆಗೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ.

ಪ್ರಶ್ನೆ: ಬಿಚ್ಚಬೇಕಾದ ಗೋಡೆಯ ಸಂದಿನಲ್ಲಿ ಮುಜಂಟಿ (ಚುಚ್ಚದ ಪುಟ್ಟ) ಜೇನು ಕೂತಿದೆ. ಏನು ಮಾಡಲಿ?
— ಓದುಗರು, ಬಾಳೆಲೆ

ಉತ್ತರ: ಆ ಮೂರಡಿಯನ್ನು ಕೊನೆಗೆ ಬಿಡಿ. ಅದರ ಮೇಣದ ಕೊಳವೆಗೆ ತೆಳು ಪೈಪ್ ಜೋಡಿಸಿ, ಪೈಪಿನ ಇನ್ನೊಂದು ತುದಿಯನ್ನು ಮರದ ಪೆಟ್ಟಿಗೆಯ ಮೂಲಕ ಹಾಯಿಸಿ ಗೋಡೆಗೆ ಕಟ್ಟಿ. ಹುಳ ಪೆಟ್ಟಿಗೆಯ ಒಳಗಿಂದಲೇ ಓಡಾಡಿ, ಕೆಲವು ತಿಂಗಳಲ್ಲಿ ಅಲ್ಲೂ ಗೂಡು ಕಟ್ಟಬಹುದು. ಕಟ್ಟದಿದ್ದರೆ ಗೋಡೆ ಬಿಚ್ಚುವ ದಿನ ಮೊಟ್ಟೆಯಿರುವ ಗೂಡನ್ನು ರಾಣಿ ಸಮೇತ ಅದೇ ಪೆಟ್ಟಿಗೆಗೆ ಇಳಿಸಿ, ಪೆಟ್ಟಿಗೆಯ ಬಾಯಿ ಹಳೆಯ ಜಾಗಕ್ಕೇ ಬರುವಂತೆ ಕಟ್ಟಿ. ಹೊರಗೆ ಹೋಗಿದ್ದ ಹುಳ ಸಂಜೆ ಅಲ್ಲಿಗೇ ಬಂದು ಸೇರುತ್ತವೆ.